ಕೂಸು ಹುಟ್ಟುವ ಮುಂಚೆ ಕ್ಯಾಮೆರಾ

ನಮ್ಮ ಸಿಂಧನೂರಿನಲ್ಲಿ ಬಸುರಿ ಹೆಂಗಸೆಂದರೆ ಊರ ಮುಂದಿನ ಕಟ್ಟೆ ಇದ್ದಂತೆ, ಹೋಗಿಬರುವವರೆಲ್ಲ ಒಂದು ಗಳಿಗೆ ಕೂತು ಒಂದು ಮಾತು ಹೇಳಿಯೇ ಏಳುವುದು. ಆ ಬಸುರಿಯ ಕೈಯಲ್ಲಿ ಕ್ಯಾಮೆರಾ ಬೇರೆ ಇದ್ದರೆ ಮುಗಿಯಿತು, ದಿನಕ್ಕೊಂದು ರಂಪ.

ನಾನು ಮಸ್ಕಿಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ಬಸ್ಸಿನ ಕುಲುಕಾಟ ಬೇಡವೆಂದು ಡಾಕ್ಟರು ಮನೆಯಲ್ಲಿ ಕೂರಿಸಿದರು. ಕೂತವಳು ಹಿತ್ತಲಿನ ಹಕ್ಕಿಗಳ ಫೋಟೋ ತೆಗೆಯತೊಡಗಿದೆ. ನಿಂಬೆ ಗಿಡದಲ್ಲಿ ಸಿಂಪಿಗ ಹಕ್ಕಿಯೊಂದು ಎಲೆಗಳನ್ನು ಕೊಕ್ಕಿನಿಂದ ಹೊಲಿದು, ಗೂಡು ಮಾಡಿ, ಮೂರು ಮೊಟ್ಟೆ ಇಟ್ಟಿತ್ತು. ಏಳನೇ ತಿಂಗಳ ಕುಬಸ, ಅಂದರೆ ಸೀಮಂತದ ಶಾಸ್ತ್ರ ಮುಗಿದ ಮರುದಿನವೇ ನನ್ನನ್ನು ಹೆರಿಗೆಗೆ ಲಿಂಗಸುಗೂರಿನ ತವರಿಗೆ ಕಳಿಸುವುದೆಂದು ಹಿರಿಯರು ಗೊತ್ತು ಮಾಡಿದ್ದರು. ಅಷ್ಟರೊಳಗೆ ಮರಿಗಳು ಹಾರುವುದನ್ನು ನೋಡಬೇಕು, ಫೋಟೋ ಹಿಡಿಯಬೇಕು. ನನಗಿದ್ದದ್ದು ಇದೊಂದೇ ಆಸೆ. ಇದಕ್ಕೂ ಜನ ಬಿಡಬೇಕಲ್ಲ!

ಎಷ್ಟು ಕೇಜಿ?

ಕೂಸಿನ ಕೋಣೆಯ ಗೋಡೆಗೆ ಒಂದು ದೊಡ್ಡ ಫೋಟೋ ಹಾಕೋಣವೆಂದು ಪ್ರಿಂಟಿಂಗ್ ಅಂಗಡಿಗೆ ಫೋನ್ ಮಾಡಿದೆ.

"ಹಕ್ಕಿ ಫೋಟೋ ಪ್ರಿಂಟ್ ಮಾಡ್ತೀರೇನ್ರೀ?"

"ಮಾಡ್ತೀವ್ರೀ ಮೇಡಂ. ಇಪ್ಪತ್ತೈದು ಕೇಜೀದೋ, ಐವತ್ತು ಕೇಜೀದೋ?"

ನನಗೆ ಸಿಟ್ಟು ಬಂತು. "ಐವತ್ತು ಕೇಜಿ ಎಲ್ಲಿಂದ ಬರ್ತತ್ರೀ? ಅದು ಹತ್ತು ಗ್ರಾಂ ಇದ್ರ ಹೆಚ್ಚು."

"ಓ, ಸ್ಯಾಂಪಲ್ ಪಾಕೀಟೇನ್ರೀ?"

ಮಿಲ್ಲುಗಳ ಊರು. ಅವನ ಅಂಗಡಿಗೆ ಬರುವ ಕೆಲಸವೆಲ್ಲ ಅಕ್ಕಿ ಚೀಲದ್ದೇ. ನಾನು 'ಹ' ಎಂದು ಎಷ್ಟು ಒತ್ತಿ ಹೇಳಿದರೂ ಅವನ ಕಿವಿಗೆ ಬೀಳುತ್ತಿದ್ದುದು ಅಕ್ಕಿಯೇ. ಕೊನೆಗೆ ಫೋಟೋವನ್ನೇ ವಾಟ್ಸಾಪ್ ಮಾಡಿದೆ. ಐದು ನಿಮಿಷಕ್ಕೆ ಫೋನ್ ಬಂತು.

"ಫೋಟೋ ಚಲೋ ಐತ್ರೀ. ಆದ್ರ ಗುಬ್ಬಿ ಛಾಪ ಮೊದಲ ಒಬ್ರು ಹಾಕ್ಯಾರ. ನೀವೂ ಹಾಕಿದ್ರ ಕೇಸ್ ಆಗತೈತಿ, ನೋಡ್ರಿ ಮತ್ತ."

ಹಕ್ಕಿಯ ಅತ್ತೆ

ಒಂದು ದಿನ ಕೂಸಿಗೊಂದು ಕುಲಾವಿ ಹೊಲಿಯುತ್ತ ಕೂತಿದ್ದೆ. ಅತ್ತೆ ಬಂದವರೇ ಸೂಜಿ ಕಸಿದುಕೊಂಡರು. "ಕೂಸು ಹುಟ್ಟೋಕಿಂತ ಮುಂಚೆ ಕುಲಾವಿ ಹೊಲದ್ರಂತ. ಗಾದಿ ಮಾತು ಕೇಳಿಲ್ಲೇನು ನೀ? ಸಾಲಿ ಕಲಿಸ್ತಿ."

ನಾನು ಸುಮ್ಮನಿರದೆ ಕ್ಯಾಮೆರಾ ತಂದು ಸಿಂಪಿಗ ಹಕ್ಕಿಯ ಫೋಟೋ ತೋರಿಸಿದೆ. "ಇಲ್ನೋಡ್ರಿ ಅತ್ತಿ. ಇದು ಮೊಟ್ಟಿ ಇಡೋಕಿಂತ ಮೊದಲ ತೊಟ್ಟಿಲಾನ ಹೊಲದೈತಿ. ಇದಕ್ಕ ಏನಾಗೇತಿ?"

ಅತ್ತೆ ಕ್ಯಾಮೆರಾವನ್ನು ಹಿಂದೆ ಮುಂದೆ ಹಿಡಿದು ನೋಡಿದರು.

"ಇದರ ಅತ್ತಿ ಎಲ್ಲಿ ಕುಂತು ಅಳಾಕತ್ಯಾಳೋ ಪಾಪ," ಎಂದು ಸೂಜಿ ತೆಗೆದುಕೊಂಡು ಒಳಗೆ ಹೋದರು.

ಬನಿಯನ್

ಪಕ್ಕದ ಮನೆಯ ಯಜಮಾನರು ದಿನಾ ಬೆಳಿಗ್ಗೆ ಹರಿದ ಬನಿಯನ್ನಿನಲ್ಲಿ ಮಾಳಿಗೆಯ ಮೇಲೆ ಹಲ್ಲುಜ್ಜುವವರು. ನನ್ನ ಕ್ಯಾಮೆರಾ ಆ ಕಡೆ ತಿರುಗಿದ್ದು ಅವರ ತಂತಿಯ ಮೇಲಿನ ಪಿಕಳಾರ ಹಕ್ಕಿಗೆ. ಮರುದಿನದಿಂದ ಅವರು ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿ ನಿಲ್ಲತೊಡಗಿದರು, ಹಕ್ಕಿ ಹೆದರಿ ಬರುವುದನ್ನೇ ಬಿಟ್ಟಿತು. ವಾರದ ಮೇಲೆ ಅವರೇ ನನ್ನ ಗಂಡನನ್ನು ತಡೆದು ಕೇಳಿದರಂತೆ: "ಇಷ್ಟ ದಿನ ನಿಂತೀನಿ. ಒಂದರ ಚಲೋ ಬಂದೈತೇನು ಕೇಳ್ರಿ ಮೇಡಮ್ಮರನ್ನ."

ಬಯಕೆ

ಕುಬಸದ ದಿನ ಬಂದೇಬಿಟ್ಟಿತು. ಮರಿಗಳಿಗೆ ಗರಿ ಬಂದಿತ್ತು, ಹಾರಿರಲಿಲ್ಲ. ಶಾಸ್ತ್ರದ ದಿನ ಇದೆಲ್ಲ ಬೇಡವೆಂದು ಕ್ಯಾಮೆರಾವನ್ನು ಅತ್ತೆ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಹಸಿರು ಸೀರೆ, ಹಸಿರು ಬಳೆ ತೊಟ್ಟು ಕುದಿಯುತ್ತ ಕೂತಿದ್ದೆ. ಉಡಿ ತುಂಬಿದ ಮೇಲೆ ಜವಳಗೇರಾದಿಂದ ಬಂದ ಮುದುಕಿಯೊಬ್ಬರು ಗಲ್ಲ ಹಿಡಿದು ಕೇಳಿದರು: "ಏನ್ ಬಯಕಿ ಐತಿ ಹೇಳವಾ."

"ಕ್ಯಾಮೆರಾ ಬೇಕು. ಮರಿ ಹಾರೋಮಟ ಇಲ್ಲೇ ಇರಬೇಕು."

ಮುದುಕಿ ಅತ್ತೆಯ ಕಡೆ ತಿರುಗಿದರು. "ಕೊಟ್ಟಬಿಡು. ಬಸುರಿ ಬಯಕಿ ತೀರಸಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವ."

ಮೊಮ್ಮಗುವಿನ ಕಿವಿ ಎಂದ ಮೇಲೆ ಅತ್ತೆ ಏನು ಮಾಡಿಯಾರು? ಕಪಾಟು ತೆರೆಯಿತು, ಲಿಂಗಸುಗೂರಿಗೆ ಫೋನ್ ಹೋಯಿತು. ಅಷ್ಟೇ ಅಲ್ಲ, ಮರುದಿನದಿಂದ ಅತ್ತೆಯೇ ಕೋಲು ಹಿಡಿದು ನಿಂಬೆ ಗಿಡದ ಕೆಳಗೆ ಕಾವಲು ಕೂತರು.

ನಾಲ್ಕನೇ ಬೆಳಿಗ್ಗೆ ಒಂದು ಮರಿ ಗೂಡಿನ ಅಂಚಿಗೆ ಬಂತು. ನಾನು ಉಸಿರು ಬಿಗಿಹಿಡಿದು ಬಟನ್ ಮೇಲೆ ಬೆರಳಿಟ್ಟೆ. ಅದೇ ಹೊತ್ತಿಗೆ ಗೋಡೆಯ ಮೇಲೆ ಬೆಕ್ಕು. ಅತ್ತೆ ಚಂಗನೆ ಎದ್ದು, ಸೆರಗು ಸಿಕ್ಕಿಸಿ, ಕೋಲು ಬೀಸುತ್ತ ನನ್ನೆದುರು ನುಗ್ಗಿದ ಹೊತ್ತಿಗೇ ನನ್ನ ಬೆರಳು ಬಟನ್ ಒತ್ತಿತು, ಒತ್ತುತ್ತಲೇ ಇತ್ತು. ಬೆಕ್ಕು ಓಡಿತು. ಅವರು ಪಕ್ಕಕ್ಕೆ ಸರಿಯುವಷ್ಟರಲ್ಲಿ ಮೂರೂ ಮರಿ ಹಾರಿಹೋಗಿದ್ದವು.

ತೆಗೆದು ನೋಡಿದೆ. ಇಪ್ಪತ್ತೆರಡು ಫೋಟೋ. ಇಪ್ಪತ್ತೆರಡರಲ್ಲೂ ಅತ್ತೆ, ಬಾಯಿ ತೆರೆದು, ಕೋಲು ಎತ್ತಿ. ಹಕ್ಕಿಯ ಒಂದು ಪುಕ್ಕವೂ ಇಲ್ಲ. ಸಿಟ್ಟಿಗೆ ನನಗೆ ಅಳುವೇ ಬಂತು. "ಇದಕ್ಕೇನ್ರೀ ಅತ್ತಿ, ನಾ ಇಷ್ಟ ದಿನ ಕಾದಿದ್ದು?"

ಅತ್ತೆ ಚಷ್ಮಾ ಹಾಕಿಕೊಂಡು ಇಪ್ಪತ್ತೆರಡನ್ನೂ ಒಂದೊಂದಾಗಿ, ಸಾವಕಾಶವಾಗಿ ನೋಡಿದರು.

"ಅಳಬ್ಯಾಡ. ಬಸುರಿ ಕಣ್ತುಂಬ ಯಾರನ್ನ ನೋಡ್ತಾಳ, ಕೂಸು ಅವರಂಗ ಹುಟ್ಟತೈತಿ. ಒಂದೂ ಅಳಿಸದಂಗ ಲಿಂಗಸುಗೂರಿಗೆ ಒಯ್ದು ದಿನಾ ನೋಡು."