ಭಾವೀ ಮಾವನವರಿಗೆ ಹೊಡೆಯುವುದು ಹೇಗೆ?

ನಾನು ಈ ಜನ್ಮದಲ್ಲಿ ಯಾರ ಮೈಮೇಲೂ ಕೈ ಎತ್ತಿದವನಲ್ಲ. ಶಾಲೆಯಲ್ಲೂ ನಾನು ಏಟು ತಿಂದು ಬರುವವರ ಪೈಕಿ, ಕೊಟ್ಟು ಬರುವವರ ಪೈಕಿ ಅಲ್ಲ. ಹಾಗಿದ್ದೂ ಹೊಡೆದಾಟ ಕಲಿಸುವುದರಲ್ಲಿ ಮಾತ್ರ ಕೆಂಪಾಪುರದ ಸುತ್ತಮುತ್ತ ನನ್ನನ್ನು ಮೀರಿಸುವವರಿಲ್ಲ ಎಂಬ ಸಣ್ಣ ಜಂಬ ನನಗಿತ್ತು. ಹೊಡೆದಾಟ ಎಂದರೆ ಮೇಜಿನ ಮೇಲಿನದು. ಮೂರ್ನಾಲ್ಕು ಜನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಕತೆಯನ್ನು ಬಾಯಲ್ಲೇ ಕಟ್ಟುತ್ತ ಹೋಗುವ ಆಟ ಅದು. ಒಬ್ಬ ಬಿಲ್ಲುಗಾರ, ಒಬ್ಬಳು ಮಂತ್ರಗಾತಿ, ಹೀಗೆ. ಆಟ ನಡೆಸುವವನು ಮಾತ್ರ ಮಿಕ್ಕಿದ್ದೆಲ್ಲ ಆಗಬೇಕು: ಕಾಡು, ಗುಹೆ, ಛತ್ರದ ಯಜಮಾನ, ಮುಖ್ಯವಾಗಿ ರಾಕ್ಷಸರು. ಭಾನುವಾರ ಮಧ್ಯಾಹ್ನ ನನ್ನ ಬಾಡಿಗೆ ಮನೆಯಲ್ಲಿ ಆ ಮಿಕ್ಕಿದ್ದೆಲ್ಲವೂ ನಾನೇ. ಸೋಮವಾರದಿಂದ ಆಫೀಸಿನಲ್ಲಿ ನಾನು ಏನೂ ಅಲ್ಲವಾದ್ದರಿಂದ ಲೆಕ್ಕ ಸರಿಹೋಗುತ್ತದೆ.

ಕತೆ ಹೇಳುವುದು ಯಾರಿಗೂ ಕಷ್ಟವಲ್ಲ. ಹೊಸಬರು ಕಂಗಾಲಾಗುವುದು ಕತ್ತಿ ಹೊರಬಂದಾಗ. ಅಲ್ಲಿಂದಾಚೆ ಎಲ್ಲಕ್ಕೂ ನಿಯಮ. ಆಗ ದಪ್ಪ ಪುಸ್ತಕ ತೆರೆದು ಓದಿ ಹೇಳಿದರೆ ಅವರು ನೀರು ಕುಡಿಯಲು ಎದ್ದವರು ಹಾಗೇ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾರೆ, ಇದು ನನ್ನ ಅನುಭವ. ಆದ್ದರಿಂದ ನಾನು ಪುಸ್ತಕ ತೆರೆಯುವುದೇ ಇಲ್ಲ. ಜಗಳದ ನಡುವೆ ನಿಲ್ಲಿಸಿ ಒಂದೊಂದನ್ನೇ ಹೇಳುತ್ತೇನೆ. ಮೊದಲನೆಯದು, ನಿಮ್ಮ ಸರದಿ ಬರುವವರೆಗೆ ಕಾಯಬೇಕು. ದಿನಾ ಹೆಬ್ಬಾಳದ ಮೇಲ್ಸೇತುವೆ ಹತ್ತಿ ಇಳಿಯುವವರಿಗೆ ಇದಕ್ಕಿಂತ ಕಠಿಣವಾದ ನಿಯಮ ಇನ್ನೊಂದಿಲ್ಲ. ಸರದಿ ಬಂದಾಗ ಸ್ವಲ್ಪ ಜರುಗಿ ಒಂದು ಕೆಲಸ ಮಾಡಬಹುದು, ಒಂದೇ. ಹೊಡೆಯುವುದಾದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ದೊಡ್ಡ ಸಂಖ್ಯೆ ಬಿದ್ದರೆ ಏಟು ತಗುಲಿತು, ಚಿಕ್ಕದು ಬಿದ್ದರೆ ಗಾಳಿಗೆ ಹೋಯಿತು. ಇಷ್ಟೇ. ಇದರ ಜೊತೆಗೆ ನಾನು ಯಾರಿಗೂ ಹೇಳದ ಇನ್ನೊಂದು ನಿಯಮವಿತ್ತು. ಹೊಸಬರಿಗೆ ಮೊದಲ ದಿನವೇ ಜೋರಾಗಿ ಏಟು ಬೀಳಬಾರದು. ಆಟ ನಡೆಸುವವನ ಮುಂದೆ ಒಂದು ರಟ್ಟಿನ ಮರೆ ಇರುತ್ತದೆ, ರಾಕ್ಷಸರ ದಾಳವನ್ನು ಅವನು ಅದರ ಹಿಂದೆ ಉರುಳಿಸುತ್ತಾನೆ. ಏನು ಬಿತ್ತೆಂದು ಅವನೊಬ್ಬನಿಗೇ ಗೊತ್ತು. ನನ್ನ ದಯಾಗುಣವೆಲ್ಲ ಆ ರಟ್ಟಿನ ಹಿಂದೆಯೇ ನಡೆಯುತ್ತಿತ್ತು.

ಈ ಆಟದ ಮೇಜಿನಲ್ಲೇ ನನಗೆ ಪಲ್ಲವಿ ಸಿಕ್ಕಿದ್ದು. ಇಮ್ರಾನ್, ಆರ್.ಟಿ. ನಗರದ ನನ್ನ ಹಳೆಯ ಗೆಳೆಯ, ತನ್ನ ಆಫೀಸಿನವಳೆಂದು ಒಂದು ಭಾನುವಾರ ಕರೆತಂದ. ಅವಳು ಮಂತ್ರಗಾತಿಯಾದಳು. ವರ್ಷ ಕಳೆಯುವಷ್ಟರಲ್ಲಿ ಮದುವೆಯ ಮಾತು ಬಂತು. ನಮ್ಮ ಮನೆಯಲ್ಲಿ ತಕರಾರಿರಲಿಲ್ಲ. ಅವಳ ತಂದೆ ವಿಜಯಪುರದ ಶಿವಲಿಂಗಪ್ಪನವರು, ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಮಾಸ್ತರಾಗಿದ್ದು ನಿವೃತ್ತರಾದವರು, "ಹುಡುಗನ್ನ ನೋಡ್ತೀನಿ, ಆಮ್ಯಾಲ ಹೇಳ್ತೀನಿ" ಎಂದಿದ್ದರು. ಯಲಹಂಕದಲ್ಲಿದ್ದ ಪಲ್ಲವಿಯ ಮನೆಗೆ ಬಂದವರು, ಹುಡುಗನನ್ನು ಹೋಟೆಲಿನಲ್ಲಿ ನೋಡುವುದಿಲ್ಲ, ಇಬ್ಬರೂ ಭೇಟಿಯಾದ ಜಾಗದಲ್ಲೇ ನೋಡುತ್ತೇನೆ ಎಂದು ಹಟ ಹಿಡಿದರು. ಹೀಗೆ ಆ ಭಾನುವಾರ ನಮ್ಮ ಮನೆಗೆ ಒಂದು ಡಬ್ಬಿ ಶೇಂಗಾ ಹೋಳಿಗೆ, ಬೆಳ್ಳನೆಯ ಕ್ಯಾನ್ವಾಸ್ ಬೂಟು ಮತ್ತು ನನ್ನ ಭವಿಷ್ಯ ಒಟ್ಟಿಗೆ ಮೆಟ್ಟಿಲು ಹತ್ತಿ ಬಂದವು.

ಬಂದವರೇ ಮೇಜಿನ ಮೇಲೆ ಕಣ್ಣು ಹಾಯಿಸಿದರು. "ಇದೇನ್ರಿ, ದಾಳಾ? ರೊಕ್ಕಾ ಹಚ್ಚಿ ಆಡ್ತೀರೇನು?"

"ಇಲ್ಲ ಸರ್, ಒಂದು ಪೈಸೆನೂ ಇಲ್ಲ" ಎಂದೆ. ನನ್ನ ದನಿ ಜೂಜುಕೋರನದೇ ಆಗಿತ್ತು. ಪಲ್ಲವಿ ಬೇರೆ, ಅಪ್ಪನೆದುರು ನನ್ನನ್ನು ಮೊದಲ ಸಲ "ನೀವು" ಎಂದಳು. ಅದನ್ನು ಕೇಳಿ ನನಗೆ ಇನ್ನಷ್ಟು ದಿಗಿಲಾಯಿತು. ಅವರು ಮೂಲೆಯಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಮೇಜಿಗೇ ಬಂದರು. "ಸುಮ್ನ ಕುಂತ್ ನೋಡೂದು ನನ್ನ ಕೈಲೆ ಆಗೂದಿಲ್ಲ. ನನಗೂ ಒಂದ್ ಆಳು ಕೊಡ್ರಿ. ಗಟ್ಟಿ ಇರಬೇಕು."

ಕೊಟ್ಟೆ. ಜಟ್ಟಿ ಎಂದು ಅವರೇ ಹೆಸರಿಟ್ಟರು. ಜಟ್ಟಿ, ಮಂತ್ರಗಾತಿ ಪಲ್ಲವಿ, ಬಿಲ್ಲುಗಾರ ಇಮ್ರಾನ್ ಮೂವರೂ ಹಳ್ಳ ದಾಟುವಾಗ ರಾಕ್ಷಸನೊಬ್ಬ ಎದುರಾದ. ನಾನು ನಿಯಮಗಳನ್ನು ಒಂದೊಂದಾಗಿ ಹೇಳಿದೆ. ಇಷ್ಟು ಶಿಸ್ತಿನ ವಿದ್ಯಾರ್ಥಿಯನ್ನು ನಾನು ಕಂಡಿರಲಿಲ್ಲ. ಸರದಿ ಬರುವವರೆಗೆ ದಾಳ ಮುಟ್ಟುತ್ತಿರಲಿಲ್ಲ, ಬಂದ ಕೂಡಲೇ ಜಟ್ಟಿಯನ್ನು ನೇರ ರಾಕ್ಷಸನ ಎದೆಯ ಮುಂದೆ ನಿಲ್ಲಿಸಿ ಬಡಿದರು. ಇನ್ನು ರಾಕ್ಷಸನ ಸರದಿ, ಅಂದರೆ ನನ್ನದು. ರಟ್ಟಿನ ಹಿಂದೆ ದಾಳ ಉರುಳಿಸಿದೆ. ಹತ್ತೊಂಬತ್ತು. ಜಟ್ಟಿಯ ಪಕ್ಕೆ ಮುರಿಯಬೇಕು. ತಲೆ ಎತ್ತಿದರೆ ಶಿವಲಿಂಗಪ್ಪನವರು ಮೀಸೆಯ ಮೇಲೆ ಬೆರಳಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಹೆಣ್ಣು ಕೊಡಬೇಕಾದವರ ಪಕ್ಕೆ ಮುರಿಯುವುದು ಯಾವ ಶಾಸ್ತ್ರದಲ್ಲಿದೆ? "ತಪ್ಪಿತು ಸರ್" ಎಂದೆ.

ಮುಂದಿನ ಸುತ್ತಿನಲ್ಲಿ ಹದಿನೇಳು. ಅದೂ ತಪ್ಪಿತು. ಆಮೇಲೆ ಇಪ್ಪತ್ತೇ ಬಿತ್ತು. ರಾಕ್ಷಸನ ಕಾಲು ಹಳ್ಳದ ಪಾಚಿಯ ಮೇಲೆ ಜಾರಿತು ಎಂದು ಪಾಚಿಯನ್ನು ಆಗಲೇ ಹುಟ್ಟಿಸಿದೆ. ರಾಕ್ಷಸ ತೀರಾ ಕೈಲಾಗದವನೆಂದು ಅನುಮಾನ ಬರಬಾರದಲ್ಲ, ಮಿಕ್ಕ ಸುತ್ತುಗಳ ಏಟುಗಳನ್ನೆಲ್ಲ ಇಮ್ರಾನನ ಕಡೆ ತಿರುಗಿಸಿದೆ. "ಮಚ್ಚಾ, ಏನ್ ಗುರು ಇದು? ನಾನು ಅಷ್ಟು ದೂರ ಮರದ ಹಿಂದೆ ನಿಂತಿದ್ದೀನಿ. ಹುಡುಕ್ಕೊಂಡು ಬಂದು ಹೊಡೀತಾನಲ್ಲೋ!" ಎಂದು ಅವನು ಗೋಳಿಟ್ಟ. ಪಲ್ಲವಿ ರಟ್ಟಿನ ಕಡೆ ಒಮ್ಮೆ ನೋಡಿದಳು.

ಶಿವಲಿಂಗಪ್ಪನವರು ದಾಳವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಮರದ ಹಿಂದಿದ್ದ ತಮ್ಮಗ ಬೀಳಾಕತ್ತಾವ. ಅದರ ಮೂಗಿನ ಮುಂದ ನಿಂತ ನನಗ ಒಂದೂ ಬೀಳವಲ್ದು. ಯಾಕ್ರಿ?"

"ದಾಳ ಹಾಗೆ ಬೀಳ್ತಿದೆ ಸರ್."

"ಹಂಗೇನು? ಹಂಗಾದ್ರ ಆ ರಟ್ಟು ತಗೀರಿ."

ರಟ್ಟಿನ ಮರೆ ಆಟದ ಪದ್ಧತಿ ಎಂದು ವಿವರಿಸಲು ಹೋದೆ. ಅವರು ಕೈ ಅಡ್ಡ ಹಿಡಿದರು. "ನಾ ಭಾಳ ವರ್ಷ ಕಬಡ್ಡಿಗೆ ಸೀಟಿ ಊದೀನ್ರಿ. ಪರದೆ ಹಿಂದ ಕುಂತು ಊದಿಲ್ಲ. ಹೆಡ್‌ಮಾಸ್ತರ್ ಮಗಾ ರೈಡ್ ಬಂದ್ರ ನಮ್ಮ ಹುಡುಗ್ರು ಹಿಡೀಲಾರದ ಬಿಡತಿದ್ರು. ಆ ಹುಡುಗ ಗೆದ್ದೆ ಅಂತ ಕುಣೀತಿದ್ದ. ಪಾಪ, ಅವಗ ಆಟಾನ ಬರಲಿಲ್ಲ ಕಡೀತನಕಾ." ಆಮೇಲೆ ದನಿ ಇಳಿಸಿದರು. "ನನ್ನ ಅಂಜಿಕಿಗೆ ಸುಳ್ಳು ಹೇಳಾವ ನಾಳೆ ನನ್ನ ಮಗಳ ಅಂಜಿಕಿಗೂ ಹೇಳ್ತಾನ. ಅಂಥಾವ್ಗ ನಾ ಹೆಂಗ ಹೆಣ್ಣು ಕೊಡ್ಲಿ?"

ಇಮ್ರಾನ್ ಹೋಳಿಗೆಯ ಡಬ್ಬಿಯೊಳಗೆ ತಲೆ ಹುದುಗಿಸಿದ. ಸುಳ್ಳೆಂದು ಒಪ್ಪಿಕೊಂಡರೆ ಹೆಣ್ಣಿಲ್ಲ. ಇಲ್ಲವೆಂದರೆ ಅದು ಇನ್ನೊಂದು ಸುಳ್ಳು. ರಟ್ಟನ್ನು ತೆಗೆದು ನೆಲದ ಮೇಲಿಟ್ಟೆ. ಎಲ್ಲರ ಕಣ್ಣೆದುರು ದಾಳ ಉರುಳಿಸಿದೆ. ಅದು ಮೇಜಿನ ಉದ್ದಕ್ಕೂ ಓಡಿ, ಅವರ ಕಾಫಿ ಲೋಟಕ್ಕೆ ತಾಗಿ ನಿಂತಿತು. ಹದಿನೆಂಟು. ಏಟು ಎಷ್ಟು ಬಲವಾಗಿ ಬಿತ್ತೆಂದು ತಿಳಿಯಲು ಹಾಕುವ ಇನ್ನೊಂದು ದಾಳವೂ ಒಂದಿಷ್ಟು ಕರುಣೆ ತೋರಲಿಲ್ಲ.

"ಸರ್, ನೀವು ಬಿದ್ರಿ" ಎಂದೆ.

"ಸತ್ತೆನೇನು?"

"ಇನ್ನೂ ಇಲ್ಲ. ನಿಮ್ಮ ಸರದಿ ಬರೋದ್ರೊಳಗೆ ಯಾರಾದ್ರೂ ಔಷಧಿ ಕುಡಿಸಿದ್ರೆ ಏಳ್ತೀರಿ. ಇಲ್ಲಾಂದ್ರೆ ಕಷ್ಟ. ಮತ್ತೆ, ಬಿದ್ದವರು ಮಾತಾಡೋ ಹಾಗಿಲ್ಲ ಸರ್."

ಆ ಕೊನೆಯ ಮಾತು, ಕಲಿಸಿ ಕಲಿಸಿ ಅಭ್ಯಾಸವಾದ ಬಾಯಿಂದ ತಾನಾಗಿ ಬಂದದ್ದು. ಅವರು ತೆರೆದ ಬಾಯಿಯನ್ನು ಹಾಗೇ ಮುಚ್ಚಿದರು.

ಈಗ ಪಲ್ಲವಿಯ ಸರದಿ. ಔಷಧಿಯ ಸೀಸೆ ಅವಳ ಚೀಲದಲ್ಲೇ ಇತ್ತು, ಗಾಬರಿಯಲ್ಲಿ ಅವಳಿಗೆ ಅದು ಮರೆತೇಹೋಗಿತ್ತು. "ಹೊಡೀಲಾ? ಅಪ್ಪಾ, ಹೊಡೀಲಾ?" ಎಂದಳು. ಬಿದ್ದ ಅಪ್ಪ ಮಾತಾಡುವಂತಿಲ್ಲ. ಅವರ ಕುತ್ತಿಗೆಯ ನರ ಉಬ್ಬಿತ್ತು. ಕಣ್ಸನ್ನೆಯೂ ಮಾತೇ ಎಂದುಕೊಂಡರೋ ಏನೋ, ಮುಖವನ್ನು ಫ್ಯಾನಿನ ಕಡೆ ತಿರುಗಿಸಿ ಬಿಗಿಯಾಗಿ ಕೂತರು. ಆಟ ನಡೆಸುವ ನಾನೂ ಹೇಳಿಕೊಡುವಂತಿಲ್ಲ. ಆ ಕ್ಷಣದಲ್ಲಿ ನನಗೆ ಅವರ ಮೇಲೆ ನಿಜವಾದ ಪ್ರೀತಿ ಹುಟ್ಟಿತು. ಪಲ್ಲವಿ ದಾಳ ಎತ್ತಿದಳು, ತಡೆದಳು, ತನ್ನ ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು. "ಔಷಧಿ! ಔಷಧಿ ಕುಡಿಸ್ತೀನಿ!"

ಜಟ್ಟಿ ಎದ್ದ. ಶಿವಲಿಂಗಪ್ಪನವರು ತಡೆಹಿಡಿದ ಉಸಿರನ್ನೆಲ್ಲ ಬಿಟ್ಟು ದಾಳ ಉರುಳಿಸಿದರು. ದೊಡ್ಡದೇ ಬಿತ್ತು, ರಾಕ್ಷಸ ಹಳ್ಳಕ್ಕೆ ಉರುಳಿದ. "ಹೊಡದ್ನೆವ್ವಾ ಪಲ್ಲವಿ, ಹೊಡದ್ನಿ!" ಎಂದು ಅವರು ಕೂಗಿದ ಕೂಗಿಗೆ ಕೆಳಗಿನ ಮನೆಯ ಓನರ್ ಗಾಬರಿಯಿಂದ ಮೆಟ್ಟಿಲವರೆಗೆ ಬಂದು ವಿಚಾರಿಸಿ ಹೋದರು. ಆಮೇಲೆ ಶಿವಲಿಂಗಪ್ಪನವರು ನನ್ನ ಬೆನ್ನ ಮೇಲೆ ಗುದ್ದಿದರು. "ಹೊಡೀಬೇಕಾದಲ್ಲಿ ಹೊಡದ್ರಿ ನೋಡ್ರಿ ಅಳಿಯಂದ್ರ. ಈಗ ಮಾತು ಮುಂದುವರಸೂಣು." ಅಳಿಯಂದ್ರ! ನನಗೆ ಕಣ್ಣು ತುಂಬಿ ಬಂತು. ಗುದ್ದು ಬಲವಾಗಿತ್ತು ಎಂಬುದೂ ಒಂದು ಕಾರಣ.

ಇಮ್ರಾನ್ ಹೋಳಿಗೆ ಹಂಚತೊಡಗಿದ. ಪಲ್ಲವಿ ಮಾತ್ರ ನೆಲದ ಮೇಲಿದ್ದ ರಟ್ಟನ್ನು ಎತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಮೊದಲ ದಿನ ಆ ಗುಹೇಲಿ ನಾನೊಬ್ಬಳೇ ದೊಡ್ಡ ಹಾವನ್ನ ಕೊಂದೆ ಅಲ್ವಾ? ಆಫೀಸಲ್ಲೆಲ್ಲ ಹೇಳ್ಕೊಂಡು ಓಡಾಡಿದ್ದೆ. ನಿಜ ಹೇಳು. ಆ ಹಾವು ನನಗೆ ಎಷ್ಟು ಸಲ ಕಚ್ಚಬೇಕಿತ್ತು?" ಎಂದಳು.

ಅವಳ ಅಪ್ಪ ಹೋಳಿಗೆ ಮುರಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಒಂದೆರಡು ಸಲ" ಎಂದೆ. "ಒಂದೆರಡಾ?" ಎಂದಳು. ಅದು ನಿಜವಾಗಿ ಕಚ್ಚದೇ ತಪ್ಪಿದ್ದೇ ಒಂದೆರಡು ಸಲ ಎಂದು ಒಪ್ಪಿಕೊಂಡೆ.

ಮಾವನವರ ಒಪ್ಪಿಗೆ ಸಿಕ್ಕಿದೆ. ಮಗಳದ್ದು ಬಾಕಿ. ಬರುವ ಭಾನುವಾರ ಅವಳು ಅದೇ ಗುಹೆಗೆ ಒಬ್ಬಳೇ ಹೋಗುತ್ತಾಳಂತೆ, ರಟ್ಟಿಲ್ಲದೆ. ಉಳಿದು ಹೊರಬಂದರೆ ಮುಂದಿನ ಮಾತಂತೆ. ಮಾವನವರು ಊರಿಗೆ ಹೋಗುವುದನ್ನು ಮುಂದೂಡಿ, ಪಕ್ಕದಲ್ಲಿ ನಿಂತು ಪ್ರತಿ ದಾಳವನ್ನೂ ತಾವೇ ನೋಡುವುದಾಗಿ ಹೇಳಿದ್ದಾರೆ. ಅವಳು ಗೆಲ್ಲಲಿ ಎಂದು ನಾನು ದಿನಾ ದೇವರಿಗೆ ಕೈಮುಗಿಯುತ್ತಿದ್ದೇನೆ, ಹಾವು ನಾನೇ ಆಗಿದ್ದರೂ.