ಜಾಲರಿಯ ಆಚೆಯ ಚಿಲಕ

ಮನೆಗೆ ಯಜಮಾನ ಎನ್ನಿಸಿಕೊಂಡವನಿಗೆ ಒಂದು ಮೊಳೆ ಹೊಡೆಸುವ ಅಧಿಕಾರವೂ ಇಲ್ಲವೆಂದ ಮೇಲೆ ಆ ಪದವಿ ಇದ್ದರೆಷ್ಟು, ಬಿಟ್ಟರೆಷ್ಟು? ನಮ್ಮ ಕಥೆಯ ಯಜಮಾನರಿಗೆ ಮದುವೆಯಾದಾಗಿನಿಂದ ಇದೇ ಸಂಕಟ. ನಲ್ಲಿ ರಿಪೇರಿಯವನು ಬರಲಿ, ಕರೆಂಟಿನವನು ಬರಲಿ, ಬಾಗಿಲಲ್ಲಿ ಇವರ ಮುಖ ಕಂಡ ಕೂಡಲೇ "ಅಮ್ಮ ಇಲ್ವಾ ಸಾರ್?" ಎನ್ನುತ್ತಿದ್ದರು. ಇವರೂ ಮರುಮಾತಿಲ್ಲದೆ ಒಳಗೆ ಹೋಗಿ ಕರೆಯುತ್ತಿದ್ದರು. (ಪತ್ರಿಕೆ ಓದುವ ಖಾತೆಯೊಂದು ಮಾತ್ರ ಇವರ ಸ್ವತಂತ್ರ ಆಡಳಿತದಲ್ಲಿತ್ತು, ಅದೂ ಮನೆಯಾಕೆ ಓದಿ ಮಡಿಚಿಟ್ಟ ಮೇಲೆ.)

ಆ ಮನೆಯಾಕೆ ಈಗ ಬೇರೆ ಊರಿನಲ್ಲಿದ್ದ ಮಗಳ ಮನೆಗೆ, ಹೊಸದಾಗಿ ಹುಟ್ಟಿದ ಮೊಮ್ಮಗಳನ್ನು ನೋಡಿಕೊಳ್ಳಲು ಹೋಗಿದ್ದರು. ಹೊರಡುವಾಗ ಮೊಣಕೈ ಕೆರೆದುಕೊಳ್ಳುತ್ತಾ, "ಕಿಟಕಿಗಳಿಗೆ ಮೆಶ್ ಹಾಕ್ಸಿ ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿಹೋಯ್ತು. ಹಾಕ್ಸೋತನಕ ಈ ಸೊಳ್ಳೆ ಛತ್ರಕ್ಕೆ ನಾನು ವಾಪಸ್ ಬರಲ್ಲ" ಎಂದಿದ್ದರು.

ಮೊದಮೊದಲು ಯಜಮಾನರಿಗೆ ಸ್ವರ್ಗಕ್ಕೆ ಮೂರೇ ಗೇಣು. ಒದ್ದೆ ಟವಲನ್ನು ಮಂಚದ ಮೇಲೆ ಎಸೆದರು, ಯಾರೂ ಬೈಯಲಿಲ್ಲ. ಮರುದಿನವೂ ಎಸೆದರು. ಬೈಯುವವರೇ ಇಲ್ಲವೆಂದ ಮೇಲೆ ಎಸೆದು ಏನು ಸುಖ ಎನ್ನಿಸಿ ಆಮೇಲೆ ತಾವೇ ಒಣಗಹಾಕಿದರು. ಸಂಜೆಯಾದರೆ ಮನೆ ಬಿಕೋ ಎನ್ನುತ್ತಿತ್ತು. ಪತ್ರಿಕೆಯಲ್ಲಿ ಏನಾದರೂ ತಮಾಷೆ ಕಂಡರೆ "ಇಲ್ಲಿ ಕೇಳು" ಎಂದು ಜೋರಾಗಿ ಓದಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಅವರಿಗೆ ಹೆಂಡತಿ ಬೇಕಾಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳುವುದು ಯಜಮಾನಿಕೆಗೆ ಕುಂದು. ಮೆಶ್ ಹಾಕಿಸಿಬಿಟ್ಟರೆ ಹೇಳದೆಯೇ ಬರುತ್ತಾಳಲ್ಲ ಎಂದು ಲೆಕ್ಕ ಹಾಕಿದರು.

ಬೀದಿ ತಿರುವಿನ ಬಾಗಿಲು-ಕಿಟಕಿ ಕಂಟ್ರಾಕ್ಟರ್ ಬಂದ. ಏನು ಕೇಳಿದರೂ "ಆಗೋಯ್ತು ಅಂದ್ಕೊಳ್ಳಿ ಸಾರ್" ಎನ್ನುವ ಮನುಷ್ಯ. ಕಿಟಕಿಗಳಿಗೆಲ್ಲ ಜಾಲರಿ, ಗೆದ್ದಲು ಹಿಡಿದ ಮುಂಬಾಗಿಲಿಗೆ ಬದಲಿ ಬಾಗಿಲು ಎಂದು ಮಾತಾಯಿತು. ಅಂದೇ ಆತ ಹಳೆಯ ಬಾಗಿಲನ್ನು ಕಿತ್ತು ಗೋಡೆಗೆ ಒರಗಿಸಿ, ನಡುಮನೆಯಲ್ಲಿ ಒಂದು ಏಣಿ ನಿಲ್ಲಿಸಿ, ಮಾಯವಾದ. ಇದು ಆ ಕಸುಬಿನ ರಾಜನೀತಿ. ಬಾಗಿಲು ಕಿತ್ತರೆ ಗಿರಾಕಿ ಇನ್ನೊಬ್ಬನ ಹತ್ತಿರ ಓಡುವಂತಿಲ್ಲ. ಏಣಿ ಬಿಟ್ಟುಹೋದರೆ ಕಂಟ್ರಾಕ್ಟರೇ ಓಡಿಹೋದ ಎನ್ನುವಂತಿಲ್ಲ. ಹೀಗೆ ಆತ ಏಕಕಾಲಕ್ಕೆ ನಾಲ್ಕಾರು ಮನೆಗಳ ಬಾಗಿಲು ಕಿತ್ತು ಚಕ್ರಾಧಿಪತ್ಯ ನಡೆಸುತ್ತಿದ್ದ.

ಯಜಮಾನರು ಹೊಸಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿ ಕಾವಲು ಕೂತರು.

"ಏನ್ ಸಾರ್, ಬಾಗಿಲೆಲ್ಲಿ?" ಎಂದ ಪಕ್ಕದ ಮನೆಯಾತ.

"ಸದ್ಯಕ್ಕೆ ನಾನೇ" ಎಂದರು ಯಜಮಾನರು.

ಕೆಲಸ ಎಲ್ಲಿಗೆ ಬಂತು ಎಂದು ಮನೆಯಾಕೆ ಫೋನಿನಲ್ಲಿ ಕೇಳಿದಾಗ, "ಆಗೋಯ್ತು ಅಂದ್ಕೋ" ಎಂಬ ಮಾತು ತಾನಾಗಿ ಬಾಯಿಗೆ ಬಂತು. ಸಹವಾಸ ದೋಷ.

ಕರೆದರೆ ಬಾರದ ಕಂಟ್ರಾಕ್ಟರ್ ಮಧ್ಯಾಹ್ನ ಬಿಸಿ ಊಟವಿದೆ ಎಂದರೆ ಬರುತ್ತಾನೆಂಬುದು ಕ್ರಮೇಣ ಗೊತ್ತಾಯಿತು. ಗತಿಯಿಲ್ಲದೆ ಯಜಮಾನರು ಒಲೆಯ ಮುಂದೆ ನಿಂತರು. ಮೊದಲು ಪಾತ್ರೆ ಸೀಯಿಸಿದರು, ಆಮೇಲೆ ಕೈ ಸುಟ್ಟುಕೊಂಡರು, ಕೊನೆಗೆ ತಿನ್ನುವ ಹಾಗೆ ಬೇಯಿಸಲು ಕಲಿತರು. ಆತ ಉಂಡು, ಢರ್ರೆಂದು ತೇಗಿ, ಕಿಟಕಿಗಳಿಗೆ ಜಾಲರಿ ಜಡಿದ. ಅಷ್ಟು ಹೊತ್ತು ಮನೆಯಲ್ಲಿ ಮನುಷ್ಯನ ಸದ್ದಿರುತ್ತಿತ್ತು. ಸುತ್ತಿಗೆಯ ಸದ್ದಾದರೂ ಸರಿ, ಯಜಮಾನರಿಗೆ ಹಿತವಾಗುತ್ತಿತ್ತು.

ಜಡಿದು ಮುಗಿದ ಮೇಲೆ ಯಜಮಾನರು ಕಿಟಕಿ ಮುಚ್ಚಲು ಹೋದರು. ಕಿಟಕಿ ತೆರೆಯುವುದು ಹೊರಕ್ಕೆ. ಜಾಲರಿ ಕೂತಿರುವುದು ಒಳಕ್ಕೆ.

"ಇದನ್ನ ಹೇಗಪ್ಪ ಮುಚ್ಚೋದು?"

"ಆಚೆ ಹೋಗಿ ತಳ್ಳಿ ಸಾರ್."

"ಮತ್ತೆ ಚಿಲಕ?"

"ಒಳಗೆ ಬಂದು ಹಾಕಿ."

"ಚಿಲಕ ಮೆಶ್‌ನ ಆಚೆ ಇದೆಯಲ್ಲಪ್ಪ."

ಕಂಟ್ರಾಕ್ಟರ್ ಜಾಲರಿಯನ್ನು ಅಭಿಮಾನದಿಂದ ಸವರಿದ. "ಸೊಳ್ಳೆಯಂತೂ ಒಳಗೆ ಬರಲ್ಲ ಸಾರ್, ಅದು ಗ್ಯಾರಂಟಿ."

ಅಂದೇ ಸಂಜೆ ಗಾಳಿಮಳೆ ಹೊಡೆಯಿತು. ಯಜಮಾನರು ಕೊಡೆ ಹಿಡಿದು ಮನೆಗೆ ಸುತ್ತು ಹಾಕುತ್ತಾ ಒಂದೊಂದೇ ಕಿಟಕಿ ತಳ್ಳಿದರು. ಮುಂದಿನದನ್ನು ತಳ್ಳುವಷ್ಟರಲ್ಲಿ ಹಿಂದಿನದು ಧಡಾರೆಂದು ತೆರೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಫೋನು.

"ಏನ್ರೀ ಅದು, ಮನೆ ಬೀಳ್ತಿದೆಯಾ?"

"ಕಿಟಕಿ. ಸ್ವಲ್ಪ ಗಾಳಿ ಇದೆ."

"ಆಚೆಗೆ ತೆರೆಯೋ ಕಿಟಕಿಗೆ ಒಳಗಡೆಯಿಂದ ಮೆಶ್ ಜಡಿಸಿದ್ರಾ?"

ಉತ್ತರವಾಗಿ ಇನ್ನೊಂದು ಕಿಟಕಿ ಧಡಾರೆಂದಿತು. ಮನೆಯಾಕೆಯ ದನಿ ಮೆತ್ತಗಾಯಿತು. "ನಾನು ಬರ್ಲಾ?"

ಎದೆ ಬಾ ಎಂದಿತು. ಹಾಳು ನಾಲಿಗೆ ಮಾತ್ರ, "ಏನೂ ಬೇಡ, ನಾನೆಲ್ಲ ನೋಡ್ಕೋತೀನಿ" ಎಂದಿತು.

ಹೇಳಿದ ಮೇಲೆ ಮಾಡಿ ತೋರಿಸದೆ ವಿಧಿಯಿಲ್ಲ. ಮರುದಿನದಿಂದ ಯಜಮಾನರು ಕಂಟ್ರಾಕ್ಟರ್‌ನ ಬೆನ್ನು ಬಿಡಲಿಲ್ಲ. ಊಟ ಬೇಕಾದರೆ ಕೆಲಸ, ಕೆಲಸವಾದರೆ ಊಟ. ಜಾಲರಿಗಳನ್ನೆಲ್ಲ ಬಿಚ್ಚಿಸಿ, ಚೌಕಟ್ಟಿಗೆ ಕೂರಿಸಿ, ಪುಟ್ಟ ಬಾಗಿಲಿನ ಹಾಗೆ ಒಳಕ್ಕೆ ತೆರೆಯುವಂತೆ ಕೀಲು ಹಾಕಿಸಿದರು. ಮುಂಬಾಗಿಲೂ ನಿಂತಿತು. ಮರದ ಪುಡಿಯನ್ನು ಗುಡಿಸಿದರು, ನೆಲ ಒರೆಸಿದರು, ಪರದೆಗಳನ್ನು ಒಗೆದರು. ಕಂಟ್ರಾಕ್ಟರ್ ಏಣಿ ಹೊತ್ತುಕೊಂಡು ಹೋದ ಮೇಲೆ, ಎದೆಯುಬ್ಬಿಸಿ ವಿಡಿಯೋ ಕರೆ ಮಾಡಿ ಫೋನನ್ನು ಮನೆ ತುಂಬ ತಿರುಗಿಸಿದರು. ಕಿಟಕಿ ತೆರೆದರು, ಮುಚ್ಚಿದರು, ಚಿಲಕ ಹಾಕಿದರು. ಒಲೆಯ ಮೇಲೆ ತಾವೇ ಮಾಡಿದ ಅಡುಗೆಯ ಮುಚ್ಚಳವನ್ನೂ ತೆಗೆದು ತೋರಿಸಿದರು. ಇನ್ನೇನು, ನಾಳೆಯೇ ಹೊರಟು ಬರುತ್ತೇನೆ ಎನ್ನುತ್ತಾಳೆ ಎಂದು ಕಾದರು.

"ಭೇಷ್" ಎಂದರು ಮನೆಯಾಕೆ. ಜೀವಮಾನದಲ್ಲಿ ಅವರು ಈ ಮಾತು ಹೇಳಿದ್ದು ಇದೇ ಮೊದಲು. "ನಾನು ಸುಮ್ಮನೆ ಹೆದರ್ಕೊಂಡೆ ನೋಡಿ. ಆ ಮಳೆ ದಿನವೇ ಟಿಕೆಟ್ ಮಾಡಿಸ್ಬಿಟ್ಟಿದ್ದೆ, ಈ ಮನುಷ್ಯನಿಗೆ ಊಟಕ್ಕೇನು ಗತಿ ಅಂತ. ಇನ್ನು ಚಿಂತೆ ಇಲ್ಲ. ಅದನ್ನ ಕ್ಯಾನ್ಸಲ್ ಮಾಡ್ಸಿ ಮಗೂಗೆ ಹಲ್ಲು ಬರೋತನಕ ಇಲ್ಲೇ ಇರ್ತೀನಿ."

"ಇರು, ಇರು. ಅವಸರವೇನು" ಎಂದರು ಯಜಮಾನರು.

ಫೋನಿಟ್ಟು ತಟ್ಟೆ ಹಾಕಿಕೊಂಡು ಕೂತರು. ಕಿಟಕಿಗಳು ಭದ್ರವಾಗಿದ್ದವು, ಬಾಗಿಲು ಭದ್ರವಾಗಿತ್ತು, ಒಂದು ಸೊಳ್ಳೆಯೂ ಗುಂಯ್ ಎನ್ನಲಿಲ್ಲ. ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. ಎಡಗೈಯಲ್ಲಿ ಮತ್ತೆ ಫೋನು ಒತ್ತಿದರು.

"ಏನು ಮರೆತ್ರಿ?"

"ಅಡುಗೆ ಮಾಡೋಕೆ ಬಂತು ಕಣೇ" ಎಂದರು ಯಜಮಾನರು. "ಒಬ್ಬನೇ ಕೂತು ಉಣ್ಣೋಕೆ ಬರ್ತಿಲ್ಲ."



"ಇದನ್ನ ಮೊದಲೇ ಹೇಳೋಕೆ ಏನು ರೋಗ ನಿಮಗೆ? ಈಗಷ್ಟೇ ಟಿಕೆಟ್ ಕ್ಯಾನ್ಸಲ್ ಮಾಡ್ಸಿದೆ. ಇನ್ನು ಸಿಗೋದು ಮುಂದಿನ ತಿಂಗಳೇ."

"ಸರಿ, ಬಿಡು."

"ಬಿಡೋದೇನು? ಫೋನ್ ಅಲ್ಲೇ ತಟ್ಟೆ ಪಕ್ಕ ಇಡಿ. ಉಂಡು ಮುಗಿಸೋತನಕ ನಾನು ಇಲ್ಲೇ ಇರ್ತೀನಿ."

ಯಜಮಾನರು ಫೋನನ್ನು ನೀರಿನ ಲೋಟಕ್ಕೆ ಒರಗಿಸಿಟ್ಟು, ಕಣ್ಣೊರೆಸಿಕೊಂಡು, ತುತ್ತು ಬಾಯಿಗಿಟ್ಟರು.

"ಬಾಯಿ ಮುಚ್ಕೊಂಡು ಅಗೀರಿ" ಎಂದಿತು ಫೋನು. "ಮಗು ಎದ್ಬಿಡತ್ತೆ."