ಪೆಲೆಟ್ ಪ್ರೊಫೆಸರ್ ಗ್ಯಾರೇಜು ಗುಡಿಸಿದ ದಿನ

ರಾಗಿಬ್ ಅವತ್ತು ಮಾಡಿದ ತಪ್ಪು ಒಂದೇ. ಬೆಳಗಿನ ಕಾಫಿ ಮುಗಿಸಿ, ಪೊರಕೆ ಹಿಡಿದು, ಬಾಗಿಲು ಹಾರುಹೊಡೆದಿಟ್ಟು ತನ್ನ ಗ್ಯಾರೇಜು ಗುಡಿಸಿದ. ಬೊಸ್ನಾ ನದಿಯ ದಂಡೆಯ ನಮ್ಮ ಬೀದಿಯಲ್ಲಿ ಬೇರೆ ಯಾರು ಏನು ಗುಡಿಸಿದರೂ ಯಾರೂ ಕತ್ತೆತ್ತಿ ನೋಡುವುದಿಲ್ಲ. ಆದರೆ ಗುಡಿಸಿದವನು ರಾಗಿಬ್, ತಿಂಗಳು ಜುಲೈ.

ನಮ್ಮ ಚಳಿಗಾಲ ಕಳೆಯುವುದೇ ಪೆಲೆಟ್‌ನಿಂದ. ಮರದ ಹೊಟ್ಟನ್ನು ಒತ್ತಿ ಮಾಡಿದ, ಮನೆ ಬೆಚ್ಚಗಿಡುವ ಒಲೆಯಲ್ಲಿ ಉರಿಸುವ ಆ ಪುಟ್ಟ ಗುಳಿಗೆಗಳನ್ನು ಯಾವಾಗ ಕೊಳ್ಳಬೇಕು ಎಂಬುದು ಒಂದು ಜೂಜು. ಬೇಗ ಕೊಂಡರೆ ಬೆಲೆ ಇಳಿದು ಅಣಕಿಸುತ್ತದೆ, ತಡಮಾಡಿದರೆ ಏರಿ ಕೂರುತ್ತದೆ. ಎರಡು ವರ್ಷದ ಹಿಂದೆ ರಾಗಿಬ್ ಬಾಡಿಗೆ ಟ್ರಕ್ಕು ತಗೊಂಡು ಸಿಮೆಂಟ್ ತರಲು ಹೋಗಿದ್ದ. ಸಿಮೆಂಟ್ ಮುಗಿದಿತ್ತು. ಬಾಡಿಗೆ ದಂಡವಾಗುತ್ತದಲ್ಲ ಎಂದು ಪೆಲೆಟ್ ಹೇರಿಸಿಕೊಂಡು ಬಂದ. ಸೆಪ್ಟೆಂಬರಿನಲ್ಲಿ ಬೆಲೆ ಇಮ್ಮಡಿಯಾಯಿತು. ಜೀವನವೆಲ್ಲ ಬಸ್ಸು ಓಡಿಸಿದ ಮನುಷ್ಯ ಅವತ್ತಿನಿಂದ ಬೀದಿಗೆಲ್ಲ 'ಪ್ರೊಫೆಸರ್' ಆಗಿಬಿಟ್ಟ. ಸಿಮೆಂಟಿನ ಸಂಗತಿಯನ್ನು ಅವನು ಯಾರಿಗೂ ಹೇಳಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹೇಳುತ್ತಿರಲಿಲ್ಲ ಬಿಡಿ, ಹೊಗಳಿಕೆ ಯಾರಿಗೆ ಕಹಿ?

ನಂಬದೆ ಉಳಿದವಳು ಅವನ ಹೆಂಡತಿ ಜುಮ್ರೇತಾ ಒಬ್ಬಳೇ. ಮೂಗಿನ ಮೇಲಿರುವ ಕನ್ನಡಕವನ್ನು ಮನೆಯೆಲ್ಲ ಹುಡುಕುವವನಿಗೆ ಮುಂದಿನ ತಿಂಗಳ ಬೆಲೆ ಎಲ್ಲಿ ಕಂಡೀತು ಎಂದು ಅವಳು ನಗುತ್ತಿದ್ದಳು. ಮದುವೆಯಾದಾಗಿನಿಂದ ಅವನ ಒಂದು ಮಾತನ್ನೂ ಅವಳು ಕೇಳಿದ್ದಿಲ್ಲ, ಅದರಿಂದಲೇ ಆ ಸಂಸಾರ ಚೆನ್ನಾಗಿ ನಡೆದಿತ್ತು.

ಈ ಸಲ ಮಾತ್ರ ರಾಗಿಬ್‌ಗೆ ಪೆಲೆಟ್ ನಿಜವಾಗಿಯೂ ಬೇಕಿತ್ತು. ಮಗಳು ಎನಿಸಾಗೆ ನವೆಂಬರಿನಲ್ಲಿ ಚೊಚ್ಚಲ ಹೆರಿಗೆ. ನಮ್ಮಲ್ಲಿ ನಲವತ್ತು ದಿನದ ಬಾಣಂತನ ತಾಯಿಯ ಮನೆಯಲ್ಲೇ. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಹಸಿ ಬಾಣಂತಿ. ಮೂರು ಟನ್ನಾದರೂ ಬೇಕು. ಪಿಂಚಣಿಯಲ್ಲಿ ಉಳಿಸಿದ ಹಣ ಆ ದಿನದ ಬೆಲೆಗೆ ಮೂರು ಟನ್ನಿಗೆ ಸರಿಯಾಗಿ ಸಾಕಿತ್ತು. ಅದಕ್ಕೇ ಜುಮ್ರೇತಾ ತಂಗಿಯ ಮನೆಗೆ ಹೊರಟ ಮೇಲೆ, ಗ್ಯಾರೇಜಿನಲ್ಲಿ ಮೂಟೆಗಳಿಗೆ ಜಾಗ ಮಾಡಲು ಅವನು ಪೊರಕೆ ಹಿಡಿದದ್ದು.

ಎದುರುಮನೆಯ ಎಶ್ರೆಫ್ ಬೇಲಿಗೆ ಒರಗಿಕೊಂಡು ನೋಡುತ್ತಿದ್ದ. ಆ ಬೇಲಿ ಸವೆದಿರುವುದೇ ಅವನ ಮೊಣಕೈಯಿಂದ.

"ಗುಡಿಸ್ತಾ ಇದ್ದೀರಾ, ಪ್ರೊಫೆಸರೇ?"

"ಧೂಳಾಗಿತ್ತು."

"ಧೂಳು," ಎಂದ ಎಶ್ರೆಫ್. "ಹೂಂ. ನಾವೂ ಧೂಳು ಅಂತಲೇ ಅಂದ್ಕೊಳ್ಳೋಣ." ಹಾಗೆಂದವನು ಚಪ್ಪಲಿಯನ್ನೂ ಕಳಚದೆ ಒಳಗೆ ಓಡಿದ.

ರಾಗಿಬ್ ಗಡ್ಡ ಹೆರೆದುಕೊಂಡು, ಒಳ್ಳೆ ಅಂಗಿ ತೊಟ್ಟು, ಪೆಲೆಟ್ ಮಾರುವ ಸ್ತೊಯಾನನ ಡಿಪೋ ತಲುಪುವಷ್ಟರಲ್ಲಿ ನಮ್ಮ ಇಡೀ ಬೀದಿ ಅಲ್ಲಿಗೆ ಹೋಗಿ, ಪೆಲೆಟ್ ಹೇಳಿಟ್ಟು, ವಾಪಸು ಬಂದಾಗಿತ್ತು. ಬಾಗಿಲಲ್ಲಿ ಬೆಲೆ ಬರೆಯುವ ಕಪ್ಪು ಹಲಗೆಯನ್ನು ಸ್ತೊಯಾನ್ ಎಂಜಲು ಹಚ್ಚಿದ ಹೆಬ್ಬೆರಳಿನಿಂದ ಒರೆಸುತ್ತ ನಿಂತಿದ್ದ. ರಾಗಿಬ್‌ನನ್ನು ಕಂಡದ್ದೇ ಎರಡೂ ಕೈ ಹಿಡಿದುಕೊಂಡ.

"ನೀವು ಪೊರಕೆ ಹಿಡಿದ್ರಂತೆ. ಅಷ್ಟು ಸಾಕಾಯ್ತು ನೋಡಿ, ಜನ ಮುಗಿಬಿದ್ರು. ನಾನೂ ಬೆಲೆ ಏರಿಸಿದೆ, ಕಾರ್ಖಾನೆಗೆ ಇನ್ನೂ ಎರಡು ಲಾರಿ ಹೇಳಿದೆ. ನಿಮ್ಮಂಥವರು ಊರಿಗೊಬ್ಬರು ಇರಬೇಕು."

ಹಲಗೆಯ ಹೊಸ ಬೆಲೆಗೆ ರಾಗಿಬ್‌ನ ಹಣದಲ್ಲಿ ಎರಡು ಟನ್ ಬಂದರೆ ಹೆಚ್ಚು. ನಲವತ್ತು ದಿನದಲ್ಲಿ ಯಾವ ದಿನ ಒಲೆ ಆರಿಸಬೇಕು, ಕೂಸು ಕಣ್ಣು ಬಿಡುವ ದಿನವೋ, ನಗುವ ದಿನವೋ?

ಅವನು ನೇರವಾಗಿ ಕಾಫಿ ಅಂಗಡಿಗೆ ಹೋಗಿ, ಬೆಲೆ ಇಳಿಯುತ್ತದೆ, ತಾನು ಈಗ ಕೊಳ್ಳುವುದಿಲ್ಲ, ಯಾರೂ ಅವಸರ ಮಾಡಬೇಡಿ ಎಂದು ಸಾರಿದ. ಎಲ್ಲರೂ ತಲೆಯಾಡಿಸಿದರು. ಅವನು ಅತ್ತ ಹೋದದ್ದೇ ತಡ, ತಾನು ಕೊಳ್ಳುವ ತನಕ ನಮ್ಮನ್ನು ತಡೆಯುತ್ತಿದ್ದಾನೆ, ಎಂಥ ತಲೆ ಮಾರಾಯ ಎಂದು ಮೆಚ್ಚಿಕೊಂಡು ತಲೆಗೊಂದು ಟನ್ ಹೆಚ್ಚಿಗೆ ಹೇಳಿಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಹಲಗೆಯ ಮೇಲಿನ ಬೆಲೆ ಇನ್ನೊಂದು ಮೆಟ್ಟಿಲು ಹತ್ತಿತು.

ಬಾಯಿ ಮಾತು ಇವರಿಗೆ ನಾಟುವುದಿಲ್ಲ, ಕೈ ಮಾಡಿದ್ದು ಮಾತ್ರ ನಾಟುತ್ತದೆ ಎಂಬುದು ರಾಗಿಬ್‌ಗೆ ಆಗ ಹೊಳೆಯಿತು. ಇದನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಸುಳ್ಳೇ ಪ್ರೊಫೆಸರಾದವನು ಆ ಒಂದು ಗಳಿಗೆ ನಿಜವಾಗಿ ಪ್ರೊಫೆಸರಾದ. ಮನೆಗೆ ಬಂದು ಒಂದು ರಟ್ಟಿನ ಮೇಲೆ 'ಪೆಲೆಟ್ ಒಲೆ ಮಾರಾಟಕ್ಕಿದೆ' ಎಂದು ದಪ್ಪಕ್ಷರದಲ್ಲಿ ಬರೆದು ಗೇಟಿಗೆ ನೇತುಹಾಕಿದ. ಯಾರಿಗೂ ಏನೂ ಹೇಳಲಿಲ್ಲ.

ಎಶ್ರೆಫ್ ಆ ರಟ್ಟನ್ನು ಮೂರು ಸಲ ಓದಿದ. ಪ್ರೊಫೆಸರು ಒಲೆಯನ್ನೇ ಮಾರುತ್ತಿದ್ದಾನೆ ಎಂದರೆ ಪೆಲೆಟ್ ಕಾಲ ಮುಗಿಯಿತು, ಇನ್ನು ಸೌದೆಯೇ ಗತಿ. ಗ್ಯಾರೇಜು ಗುಡಿಸಿದ್ದು ಸೌದೆಗಾಗಿ, ನಾವು ಕುರುಡರು ಎಂದು ಹಣೆ ಚಚ್ಚಿಕೊಂಡ. ಸುದ್ದಿ ಮನೆಯಿಂದ ಮನೆಗೆ ಹಾರಿತು. ಹೇಳಿಟ್ಟವರೆಲ್ಲ ಸ್ತೊಯಾನನಿಗೆ ಫೋನು ಮಾಡಿ ಬೇಡವೆಂದರು.

ಅಷ್ಟರಲ್ಲಿ ಕಾರ್ಖಾನೆಯಿಂದ ಎರಡು ಲಾರಿ ಬಂದು ಅವನ ಅಂಗಳದಲ್ಲಿ ಮೂಟೆಗಳನ್ನು ಇಳಿಸಿಬಿಟ್ಟಿದ್ದವು. ಗುಡ್ಡದ ಮೇಲೆ ಮೋಡ ಕಪ್ಪಿಡುತ್ತಿತ್ತು. ಹರಿದ ಮೂಟೆಗೆ ನೀರು ತಾಗಿದರೆ ಪೆಲೆಟ್ ಉಬ್ಬಿ ಮತ್ತೆ ಹೊಟ್ಟಾಗುತ್ತದೆ, ಕೋಳಿಗೂಡಿಗೆ ಹಾಸಬಹುದು ಅಷ್ಟೇ. ಸ್ತೊಯಾನ್ ಹಲಗೆಯನ್ನು ಒರೆಸಿ ಒರೆಸಿ ಹೆಬ್ಬೆರಳು ಬೆಳ್ಳಗಾಯಿತು. ಬೆಲೆ ಬೆಳಗಿನದಕ್ಕಿಂತಲೂ ಕೆಳಗಿಳಿದ ಹೊತ್ತಿಗೆ ರಾಗಿಬ್ ಹಿಂದಿನ ಓಣಿಯಿಂದ ಹೋಗಿ ನಿಂತ.

ಇದ್ದ ಹಣಕ್ಕೆ ಮೂರರ ಬದಲು ನಾಲ್ಕು ಟನ್ ಬಂತು. ಮಳೆಗೆ ಹೆದರಿದ ಸ್ತೊಯಾನ್ ಲಾರಿಯನ್ನೂ ಬಾಡಿಗೆಯಿಲ್ಲದೆ ಕೊಟ್ಟ. ರಾಗಿಬ್ ಡ್ರೈವರ್ ಪಕ್ಕ ಕುಳಿತು, ಮೊಮ್ಮಗುವಿನ ಬೆಚ್ಚನೆಯ ಪಾದಗಳನ್ನು ನೆನೆಯುತ್ತ, ಮೀಸೆಯಡಿ ನಗುತ್ತ ಬಂದ.

ಗೇಟಿನಲ್ಲಿ ಜುಮ್ರೇತಾ ನಿಂತಿದ್ದಳು. ಅವಳ ಮುಖದಲ್ಲಿ ಅಂಥ ಕಳೆಯನ್ನು ಅವನು ಮದುವೆಯ ದಿನವೂ ಕಂಡಿರಲಿಲ್ಲ. ರಟ್ಟು ಗೇಟಿನ ಮೇಲಿರಲಿಲ್ಲ.

"ರಾಗಿಬ್, ತಂಗಿ ಮನೆಯಿಂದ ಬರೋವಾಗ ಬೀದಿ ಹೆಂಗಸರೆಲ್ಲ ನನ್ನ ತಡೆದು ನಿಲ್ಲಿಸಿದ್ರು ಕಣೋ," ಎಂದಳು ಅವಳು. "ನಿನ್ನ ಗಂಡನ ಬುದ್ಧಿ ಊರಿಗೆಲ್ಲ ಗೊತ್ತು, ನಿನಗೊಬ್ಬಳಿಗೇ ಗೊತ್ತಿಲ್ಲ ಅಂದ್ರು. ನನಗೆ ನಾಚಿಕೆ ಆಯ್ತು. ಇಷ್ಟು ವರ್ಷ ನಿನ್ನ ಒಂದು ಮಾತೂ ಕೇಳಲಿಲ್ಲ. ಇವತ್ತಾದ್ರೂ ಕೇಳೋಣ ಅಂತ ಒಲೆ ಮಾರಿಬಿಟ್ಟೆ."

ಕೊಂಡವನು ಮೇಲಿನ ಹಳ್ಳಿಯಿಂದ ಟ್ರಾಕ್ಟರಿನಲ್ಲಿ ಬಂದವನು. ಪ್ರೊಫೆಸರೆಂದರೆ ಯಾರೆಂದೇ ಗೊತ್ತಿಲ್ಲದವನು. ಪೆಲೆಟ್ ಕಾಲ ಮುಗಿಯಿತೆಂದು ನಂಬಿದ್ದ ಜುಮ್ರೇತಾ, ಅವನು ಕೇಳಿದ ಕಾಲು ಬೆಲೆಗೆ ಒಪ್ಪಿ, ಅವನು ಮನಸ್ಸು ಬದಲಿಸುವ ಮೊದಲೇ ಹೇರಿಸಿ ಕಳಿಸಿದ್ದಳು. ಹೆಸರು ಕೇಳಿರಲಿಲ್ಲ.

ರಾಗಿಬ್ ಒಳಗೆ ಹೋಗಿ ನೋಡಿದ. ಗೋಡೆಯಲ್ಲಿ ಹೊಗೆ ಕೊಳವೆಯ ದುಂಡನೆ ತೂತು ಮಾತ್ರ ಉಳಿದಿತ್ತು. ನಾಲಿಗೆ ತುದಿಗೆ ಬಂದ ಬೈಗುಳವನ್ನು ಅವನು ನುಂಗಿಕೊಂಡ. ಮೊದಲ ಸಲ ತನ್ನನ್ನು ನಂಬಿದವಳಿಗೆ ಏನೆಂದು ಬೈಯುವುದು?

"ಒಳ್ಳೇದೇ ಮಾಡಿದೆ," ಎಂದ.

ಹೊರಗೆ ನಾಲ್ಕು ಟನ್ ಮೂಟೆಗಳು ಗುಡಿಸಿದ ಗ್ಯಾರೇಜಿಗೆ ಇಳಿಯುತ್ತಿದ್ದವು. ಬೇಲಿಗೆ ಒರಗಿದ್ದ ಎಶ್ರೆಫ್ ಪಕ್ಕದವನ ಕಿವಿಯಲ್ಲಿ, ಒಲೆ ಮಾರಿ ಪೆಲೆಟ್ ತುಂಬಿಸ್ತಿದ್ದಾನೆ, ಇದರಲ್ಲಿ ನಮ್ಮ ತಲೆಗೆ ಹೋಗದ ಏನೋ ಇದೆ ಎಂದು ಭಕ್ತಿಯಿಂದ ಪಿಸುಗುಟ್ಟಿದ. ಕತ್ತಲಾಗುವುದರೊಳಗೆ ನಮ್ಮ ಬೀದಿಯಲ್ಲಿ ಇನ್ನೂ ಐದು ಗೇಟುಗಳ ಮೇಲೆ ಒಲೆ ಮಾರಾಟದ ರಟ್ಟು ನೇತಾಡುತ್ತಿತ್ತು. ಆ ಒಲೆಗಳಲ್ಲಿ ಒಂದನ್ನು ಕೊಳ್ಳೋಣವೆಂದು ರಾಗಿಬ್ ಮೆಲ್ಲಗೆ ಎಶ್ರೆಫ್‌ನ ಬಾಗಿಲು ತಟ್ಟಿದ. ಪ್ರೊಫೆಸರೇ ಕೊಳ್ಳಲು ಬಂದದ್ದನ್ನು ಕಂಡ ಎಶ್ರೆಫ್ ಓಡಿಹೋಗಿ ರಟ್ಟನ್ನು ಕಿತ್ತು ಒಳಗಿಟ್ಟುಕೊಂಡ.